ತೊಳೆದ ಗೋದಡಿ

ಮೊಮ್ಮಗಳು ಕಾರವಾರದಲ್ಲಿ ಹೊಸ ಮನೆ ಮಾಡಿದ್ದಾಳೆ. ಸೋಫಾದ ಮೇಲೆ ಒಂದು ಗೋದಡಿ ಹಾಸಿದ್ದಾಳೆ. ಹೊದೆಯಲಿಕ್ಕಲ್ಲ, ಚಂದಕ್ಕೆ. ಹಳೆ ಸೀರೆ ತುಂಡುಗಳದ್ದು, ಕೈಹೊಲಿಗೆಯದ್ದು. ಸವರಿದರೆ ಹೊಲಿಗೆ ಬೆರಳಿಗೆ ತಾಗುತ್ತದೆ. ಅದರ ಮೇಲೆ ಕೂತೆ. ಸೋಪಿನ ಪುಡಿಯ ವಾಸನೆ ಬಂತು. ಎದ್ದುಬಿಟ್ಟೆ.

ಬೇಲೆಕೇರಿಯಲ್ಲಿ ನಮ್ಮ ಆಚೆಮನೆ ಅಕ್ಕ ಇಂಥದ್ದು ಹೊಲಿಯುತ್ತಿದ್ದಳು. ಅವಳ ಗಂಡ ಮೀನಿಗೆ ಹೋಗಿದ್ದ. ದೋಣಿ ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಗೂಟದಲ್ಲಿ ನೇತಾಡುತ್ತಿದ್ದ ಅವನ ಎರಡು ಅಂಗಿಗಳನ್ನು ತಲೆಯ ಕಡೆಗೆ ಒಳಗಿಟ್ಟು ಅವಳು ಒಂದು ಗೋದಡಿ ಹೊಲಿದಳು. ಅದನ್ನು ಮೂಗಿನ ತನಕ ಎಳೆದುಕೊಂಡು ಮಲಗುತ್ತಿದ್ದಳು. ವರ್ಷಗಟ್ಟಲೆ ನೀರು ಮುಟ್ಟಿಸಲಿಲ್ಲ.

"ಅಷ್ಟು ಕೊಳೆಯೊಳಗೆ ಗಂಡನ್ನ ಅಡಗಿಸಿಟ್ಟಿದ್ಯೇನೇ ಅಕ್ಕಾ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ಹೌದೇ. ಗೊರಕೆ ಕೇಳೂದಿಲ್ವಾ ನಿಂಗೆ?" ಎಂದು ನಕ್ಕಿದ್ದಳು.

ತಮಾಷೆ ಎಂದುಕೊಂಡೆ.

ಆಮೇಲೆ ಅವಳಿಗೆ ಜ್ವರ ಬಂದು ಅಂಕೋಲೆಯ ಆಸ್ಪತ್ರೆಗೆ ಹಾಕಿದರು. ಆಸ್ಪತ್ರೆಯಿಂದ ಬರುವವರಿಗೆ ಹಾಸಿಗೆ ತೊಳೆದಿಡುವುದು ನಮ್ಮ ಕೇರಿಯ ಪದ್ಧತಿ. ನಾನು ಗೋದಡಿಯನ್ನು ಬಿಸಿನೀರಲ್ಲಿ ನೆನೆಹಾಕಿ, ಸೋಪಿನ ಪುಡಿ ಸುರಿದು, ಕಲ್ಲಿಗೆ ಬಡಿದೆ. ಮೂರು ಸಲ ಕಪ್ಪು ನೀರು ಹೋಯಿತು. ಒಳ್ಳೆ ಕೆಲಸ ಮಾಡಿದೆ ಎಂದು ಖುಷಿಯೇ ಆಗಿತ್ತು...

ಬಂದವಳು ಮಲಗಲಿಲ್ಲ. ಗೋದಡಿಯ ತಲೆಭಾಗವನ್ನು ಮೂಸಿದಳು. ತಿರುಗಿಸಿ ಮೂಸಿದಳು. ಹಲ್ಲಿನಿಂದ ಹೊಲಿಗೆ ಹರಿದು ಅಂಗಿಗಳನ್ನು ಹೊರಗೆಳೆದು ಮೂಸಿದಳು.

"ಎಲ್ಲಾ ತೆಗೆದ್ಯೇನೇ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಮರುದಿನದಿಂದ ಶುರುವಾಯಿತು. ಅಂಗಿಗಳನ್ನು ಸಮುದ್ರದ ನೀರಲ್ಲಿ ಅದ್ದಿದಳು. ಒಣಮೀನಿನ ಬುಟ್ಟಿಯಲ್ಲಿ ಹುಗಿದಳು. ಎಂದೂ ಬೀಡಿ ಮುಟ್ಟದವಳು ಬೀಡಿ ಹಚ್ಚಿ, ಕೆಮ್ಮುತ್ತ ಕೆಮ್ಮುತ್ತ ಹೊಗೆ ಊದಿದಳು. ಪ್ರತಿ ಸಲ ನನ್ನ ಬಾಗಿಲಿಗೇ ತರುತ್ತಿದ್ದಳು.

"ನೀನೂ ಅವರನ್ನ ಕಂಡವಳಲ್ವಾ. ಮೂಸಿ ನೋಡೇ. ಈಗ ಬಂತಾ?"

"ಇಲ್ಲ ಅಕ್ಕಾ."

"ಇನ್ನೊಂದ್ಸಲ ನೋಡೇ. ಸಮಾ ನೋಡೇ, ಮಾರಾಯ್ತಿ."

"ಇಲ್ಲ. ಮೀನಿನ ವಾಸನೆ ಅದೆ, ಅಷ್ಟೇ."

ಇದ್ದದ್ದು ಇದ್ದ ಹಾಗೆ ಹೇಳುವುದು ನನ್ನ ಅಭ್ಯಾಸ. ಆರೇಳು ಸಲ ಹೇಳಿದೆ. ಆಮೇಲೆ ಅವಳು ಬರುವುದನ್ನು ಬಿಟ್ಟಳು. ಸೂಜಿ ಹಿಡಿಯುವುದನ್ನೂ ಬಿಟ್ಟಳು. ಮಳೆಗಾಲ ಮುಗಿಯುವುದರೊಳಗೆ ಹೋದಳು. ಹೊದ್ದಿದ್ದನ್ನು ಹೆಣದ ಸಂಗಡ ಸುಡುತ್ತಾರೆ. ಆ ಗೋದಡಿಯೂ ಹೋಯಿತು, ಹರಿದ ಹೊಲಿಗೆ ಹರಿದ ಹಾಗೇ...

ಮೊಮ್ಮಗಳು ಚಹಾ ತಂದಳು.

"ಅಜ್ಜೀ, ಗೋದಡಿ ಹಾಸಿದ್ಮೇಲೆ ಮನೆ ಬೆಚ್ಚಗೆ ಕಾಣ್ತದೆ ಅಲ್ವಾ?"

ಆ ಗೋದಡಿಯನ್ನು ಯಾರು ಹೊದ್ದರೋ, ಯಾರ ಸೀರೆಗಳೋ, ಯಾರು ತೊಳೆದರೋ. ನನಗೆ ಬೆಚ್ಚಗೇನೂ ಕಾಣಲಿಲ್ಲ.

"ಹೌದು ಮಗಾ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ಅವತ್ತು ಒಂದೇ ಒಂದು ಸಲ ಬಂದಿದ್ದರೆ ಸಾಕಿತ್ತು.