ಲಾರಿ ಟ್ಯೂಬಿನ ರಬ್ಬರು

ಷಡಕ್ಷರಿಯ ಮನೆತನದವರು ಮೈಸೂರಿನ ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಅವನಿಗೆ ಮಾತ್ರ ಮಂಡಿಯಲ್ಲಿ ಕೂರುವುದು ಒಗ್ಗಲಿಲ್ಲ. ಸಾವಿರದ ಒಂಬೈನೂರ ನಲವತ್ತೇಳರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಬನ್ನಿಮಂಟಪದ ಹಿಂದಿದ್ದ ವೃಷಭೇಂದ್ರಪ್ಪನವರ ಬಸ್ ಷೆಡ್ಡಿಗೆ ಕೆಲಸಕ್ಕೆ ಸೇರಿಬಿಟ್ಟ. ಅವರಪ್ಪ ಆರು ತಿಂಗಳು ಮಗನನ್ನು ಮಾತಾಡಿಸಲಿಲ್ಲ. ಅವನೋ ಮೊದಲೇ ಮಾತು ಕಡಿಮೆಯ ಮನುಷ್ಯ, ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆ ಷೆಡ್ಡಿನ ಹೆಡ್ ಮೇಸ್ತ್ರಿಯಾದ.

ವೃಷಭೇಂದ್ರಪ್ಪನವರು ಮದುವೆ, ಪ್ರವಾಸಗಳಿಗೆ ಬಸ್ಸುಗಳನ್ನು ಬಾಡಿಗೆಗೆ ಬಿಡುತ್ತಿದ್ದರು. ಅರವತ್ತೇಳರ ಕೊನೆಯಲ್ಲಿ ಅವರು ಏರ್ ಬ್ರೇಕಿನ ಹೊಸ ಬಸ್ಸೊಂದನ್ನು ತಂದರು. ಷೆಡ್ಡಿನಲ್ಲಿ ಅಂಥದ್ದನ್ನು ಯಾರೂ ಮುಟ್ಟಿರಲಿಲ್ಲ. ಬಸ್ಸಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಷಡಕ್ಷರಿ ಮನೆಗೆ ಒಯ್ದ. ಹೆಂಡತಿ ಪ್ರೇಮಲೀಲಾ ಎಸ್ಸೆಸ್ಸೆಲ್ಸಿ ಓದಿದ್ದಳು. ಅವಳು ಓದಿ ಹೇಳುವುದು, ಇವನು ಕನ್ನಡದಲ್ಲಿ ಬರೆದುಕೊಳ್ಳುವುದು. ಹೀಗೆ ಒಂದು ತಿಂಗಳು ನಡೆಯಿತು. ಎಂಜಿನ್ನು ಓಡುವಾಗ ಒಂದು ಟ್ಯಾಂಕಿನಲ್ಲಿ ಗಾಳಿ ತುಂಬುತ್ತದೆ. ಡ್ರೈವರು ಪೆಡಲ್ ಒತ್ತಿದರೆ ಆ ಗಾಳಿ ಪೈಪಿನಲ್ಲಿ ಹರಿದು ಪ್ರತಿ ಚಕ್ರದ ಹತ್ತಿರವಿರುವ ಡಬ್ಬಿಗೆ ನುಗ್ಗುತ್ತದೆ. ಡಬ್ಬಿಯೊಳಗೆ ತಟ್ಟೆಯಗಲದ ದಪ್ಪ ರಬ್ಬರಿನ ಪೊರೆ ಇರುತ್ತದೆ. ಗಾಳಿ ಅದನ್ನು ತಳ್ಳುತ್ತದೆ, ಅದು ಸರಳನ್ನು ತಳ್ಳುತ್ತದೆ, ಚಕ್ರ ನಿಲ್ಲುತ್ತದೆ. ಗಾಳಿ ಹೋಯಿತೆಂದರೆ ಬ್ರೇಕೂ ಹೋಯಿತು.

ಅವನು ಅದಕ್ಕೊಂದು ಕ್ರಮ ಮಾಡಿಕೊಂಡ. ಬೆಳಿಗ್ಗೆ ಬಂದವನೇ ಟ್ಯಾಂಕಿನ ಕೆಳಗಿನ ಬಿರಡೆ ತಿರುಗಿಸಿ ಒಳಗೆ ಕೂಡಿದ್ದ ನೀರನ್ನು ಬಿಡುತ್ತಿದ್ದ. ಪೈಪುಗಳ ಕೀಲಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದ. ಚಕ್ರಗಳು ಉರುಳದಂತೆ ಮರದ ತುಂಡಿನ ಅಡ್ಡೆ ಕೊಡದೆ ಬಸ್ಸಿನಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಟ್ಯಾಂಕಿನ ಗಾಳಿ ಪೂರ್ತಿ ಖಾಲಿಯಾಗುವವರೆಗೆ ಒಂದು ನಟ್ಟನ್ನೂ ಸಡಿಲಿಸಲು ಬಿಡುತ್ತಿರಲಿಲ್ಲ. ಮಿಕ್ಕವರು ಇದನ್ನು ಮಡಿ ಎಂದು ಆಡಿಕೊಂಡರು.

ಅಂಥ ಮನುಷ್ಯ ಅರವತ್ತೆಂಟರ ಜೂನಿನಲ್ಲಿ ಒಂದು ತಪ್ಪು ಮಾಡಿದ.

ಹಿಂದಿನ ಎಡಚಕ್ರದ ಡಬ್ಬಿಯ ರಬ್ಬರು ಸೀಳುಬಿಟ್ಟಿತ್ತು. ಹೊಸದು ಮದರಾಸಿನಿಂದ ಬರಬೇಕು, ಹನ್ನೆರಡು ದಿನವಾದರೂ ಬಂದಿರಲಿಲ್ಲ. ಅಷ್ಟರಲ್ಲಿ ಊದುಬತ್ತಿ ಕಾರ್ಖಾನೆಯ ಹೆಂಗಸರು ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಲು ಬಸ್ಸು ಕೇಳಿದರು. ಉಳಿದ ಬಸ್ಸುಗಳೆಲ್ಲ ಹೊರಗಿದ್ದವು.

"ಒಂದು ದಿನದ ಮಾತು ಕಣಯ್ಯ," ಎಂದರು ವೃಷಭೇಂದ್ರಪ್ಪ. "ಹಳೇ ಲಾರಿ ಟ್ಯೂಬ್ ಬಿದ್ದಿದೆಯಲ್ಲ, ಅದರಲ್ಲೇ ಕತ್ತರಿಸಿ ಹಾಕು. ಯಾರಿಗೆ ಗೊತ್ತಾಗ್ಬೇಕು?"

"ಟ್ಯೂಬಿನ ರಬ್ಬರು ಇದಕ್ಕೆ ತಡೆಯೋದಿಲ್ಲ ಸಾವ್ಕಾರ್ರೇ. ಒಳಗೆ ಬಟ್ಟೆಯ ಪದರ ಇಲ್ಲ ಅದಕ್ಕೆ."

"ಹಾಕಿ ನೋಡಯ್ಯಾ. ತಡೀಲಿಲ್ಲ ಅಂದ್ರೆ ಬೇಡ."

ಷಡಕ್ಷರಿ ಟ್ಯೂಬನ್ನು ಎರಡು ಪದರ ಮಾಡಿ ಕತ್ತರಿಸಿ ಹಾಕಿದ. ಅಂಗಳದಲ್ಲಿ ಬಸ್ಸು ಓಡಿಸಿ ಹತ್ತು ಸಲ ಬ್ರೇಕು ಒತ್ತಿಸಿದ. ಹತ್ತು ಸಲವೂ ತಡೆಯಿತು. ತಡೆದದ್ದೇ ಕಷ್ಟಕ್ಕೆ ಬಂತು, ಬೇಡವೆನ್ನಲು ಅವನಿಗೆ ನೆವ ಉಳಿಯಲಿಲ್ಲ. ಆದರೂ ಶುಕ್ರವಾರ ಬೆಳಿಗ್ಗೆ ಬಸ್ಸು ಹೊರಡುವಾಗ ಅವನೂ ಹತ್ತಿ ಡ್ರೈವರನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಕೂತ. ಅಡ್ಡೆಯ ಮರದ ತುಂಡುಗಳೆರಡನ್ನು ಕಾಲ ಬಳಿ ಇಟ್ಟುಕೊಂಡಿದ್ದ.

ಡ್ರೈವರ್ ಮರಿಸ್ವಾಮಿ ನಕ್ಕ. "ಏನ್ ಮೇಸ್ತ್ರೀ, ನೀವೂ ಬೆಟ್ಟಕ್ಕಾ?"

"ಹೂಂ," ಎಂದನೇ ಹೊರತು ರಬ್ಬರಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಮರಿಸ್ವಾಮಿ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ.

ಹತ್ತುವಾಗ ಏನೂ ಆಗಲಿಲ್ಲ. ದೇವಿಯ ದರ್ಶನ ಮುಗಿಸಿ, ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತೆರಡು ಹೆಂಗಸರು ಕುಂಕುಮ ಇಟ್ಟುಕೊಂಡು ನಗುತ್ತಾ ಬಸ್ಸು ತುಂಬಿದರು. ಇಳಿಜಾರು ಶುರುವಾಯಿತು. ಎರಡನೆಯ ತಿರುವಿನಲ್ಲಿ ಮರಿಸ್ವಾಮಿ ಪೆಡಲ್ ಒತ್ತಿದಾಗ ಹಿಂದುಗಡೆಯಿಂದ ಹಾವು ಬುಸುಗುಟ್ಟಿದಂಥ ಸದ್ದು ಬಂತು. ಷಡಕ್ಷರಿಯ ಕಣ್ಣು ಗಾಳಿಯ ಮೀಟರಿನ ಮೇಲೆಯೇ ಇತ್ತು. ತೊಂಬತ್ತರಲ್ಲಿದ್ದ ಮುಳ್ಳು ಎಪ್ಪತ್ತಕ್ಕೆ ಬಿತ್ತು.

ಬ್ರೇಕು ಮೆತ್ತಗಾದದ್ದು ಕಾಲಿಗೆ ಗೊತ್ತಾಗುತ್ತಲೇ ಮರಿಸ್ವಾಮಿ ಹಳೆಯ ಬಸ್ಸುಗಳ ಅಭ್ಯಾಸದಂತೆ ಮತ್ತೆ ಮತ್ತೆ ಒತ್ತತೊಡಗಿದ. ಒತ್ತಿದಷ್ಟು ಸಲವೂ ಬುಸ್ಸೆಂದಿತು. ಅರವತ್ತು. ಐವತ್ತು.

"ಕಾಲು ತೆಗಿ ಮರಿಸ್ವಾಮಿ! ಒತ್ತಬೇಡ!"

"ಏನಂತೀರಿ! ಬ್ರೇಕ್ ಒತ್ತದೆ ಎಂಗೆ ನಿಲ್ಲಿಸ್ಲಿ?"

"ಒತ್ತಿದಷ್ಟೂ ಗಾಳಿ ಹೋಯ್ತದೆ ಕಣೋ. ಹಿಂದ್ಗಡೆ ರಬ್ಬರು ಹರಿದಿದೆ. ಗೇರು ಎಷ್ಟರಲ್ಲಿದೆ?"

"ಸೆಕೆಂಡು."

"ಅದ್ರಲ್ಲೇ ಇರ್ಲಿ. ಕ್ಲಚ್ ಮುಟ್ಟಬೇಡ. ಎಂಜಿನ್ನೇ ಹಿಡೀತದೆ. ಒಂದೇ ಒಂದು ಒತ್ತು ಉಳಿಸ್ಕೋ, ನಾನು ಹೇಳಿದಾಗ ಒತ್ತು."

ಕಾಲನ್ನು ಬ್ರೇಕಿನಿಂದ ಎತ್ತುವುದು ಮರಿಸ್ವಾಮಿಗೆ ಪ್ರಾಣವನ್ನೇ ಎತ್ತಿಟ್ಟಂತಾಯಿತು. ಆದರೂ ಎತ್ತಿದ. ಎಂಜಿನ್ನು ಕಿರುಚಿಕೊಂಡಿತು. ವೇಗ ತಗ್ಗಲಿಲ್ಲ, ಆದರೆ ಹುಚ್ಚಾಗಿಯೂ ಏರಲಿಲ್ಲ. ಎಂಜಿನ್ನು ಜೋರಾಗಿ ತಿರುಗುತ್ತಿದ್ದುದರಿಂದ ಮುಳ್ಳು ಒಂದು ಕೂದಲಷ್ಟು ಮೇಲೆ ಬಂತು. ಬಲಗಡೆ ಕೆಳಗೆ ಮೈಸೂರು ಪೂರ್ತಿ ಕಾಣುತ್ತಿತ್ತು. ಹೆಂಗಸರ ನಗು ನಿಂತುಹೋಗಿತ್ತು. ಯಾರೋ ಅಳಲು ಶುರುಮಾಡಿದರು, ಒಬ್ಬಾಕೆ ಬಾಗಿಲ ಕಡೆ ಎದ್ದಳು.

ಕಾರ್ಖಾನೆಯಲ್ಲಿ ಅವರ ಮೇಲ್ವಿಚಾರಣೆ ನೋಡುತ್ತಿದ್ದ ಮಾದೇವಮ್ಮ ಆಕೆಯ ಸೆರಗು ಹಿಡಿದು ಕೂರಿಸಿದಳು. "ಕೂತ್ಕೊಳ್ಳೇ! ಒಬ್ರೂ ಏಳಂಗಿಲ್ಲ. ಮುಂದಿನ ಸೀಟ್ನ ಗಟ್ಟಿಯಾಗಿ ಹಿಡ್ಕೊಳ್ಳಿ."

ಮುಂದಿನ ತಿರುವು ದಾಟಿದರೆ ಎಡಗಡೆ ಗುಡ್ಡ, ಗುಡ್ಡಕ್ಕಂಟಿ ಮಳೆನೀರಿನ ಚರಂಡಿ ಎಂಬುದು ಷಡಕ್ಷರಿಗೆ ಗೊತ್ತಿತ್ತು. ತಿರುವಿನಲ್ಲಿ ಟೈರು ಚೀರಿತು, ಬಸ್ಸು ಬಲಕ್ಕೆ ವಾಲಿ ಮತ್ತೆ ನೆಟ್ಟಗಾಯಿತು.

"ಎಡಕ್ಕೆ ಎಳಿ! ಚರಂಡಿಗೆ ಇಳ್ಸು! ಈಗ ಒತ್ತು!"

ಮರಿಸ್ವಾಮಿ ಪೆಡಲನ್ನು ನೆಲಕ್ಕೆ ತುಳಿದ. ಷಡಕ್ಷರಿ ಎರಡೂ ಕೈಯಿಂದ ಹ್ಯಾಂಡ್ ಬ್ರೇಕ್ ಜಗ್ಗಿದ. ಎಡಚಕ್ರಗಳು ಚರಂಡಿಗೆ ಧಡಕ್ಕನೆ ಇಳಿದವು, ಬಸ್ಸಿನ ಮೈ ಗುಡ್ಡಕ್ಕೆ ಉಜ್ಜಿಕೊಂಡು ಹೋಗಿ, ಗಾಜುಗಳು ಒಡೆದು, ಕೊನೆಗೆ ಎಂಜಿನ್ನು ಆಫಾಗಿ ನಿಂತಿತು.

ಆದರೆ ಬಸ್ಸು ಪೂರ್ತಿ ನಿಂತಿರಲಿಲ್ಲ. ಚರಂಡಿ ಆಳವಿರಲಿಲ್ಲ. ಹಿಂದಿನಿಂದ ಬುಸ್ಸೆಂಬ ಸದ್ದು ಬರುತ್ತಲೇ ಇತ್ತು, ಮುಳ್ಳು ಇಪ್ಪತ್ತಕ್ಕೂ ಕೆಳಗಿತ್ತು. ಬಸ್ಸು ಅಂಗುಲ ಅಂಗುಲವಾಗಿ ಜಾರುತ್ತಿತ್ತು. ಎಡಗಡೆಯ ಬಾಗಿಲು ಗುಡ್ಡಕ್ಕೆ ಒತ್ತಿಕೊಂಡು ಮುಚ್ಚಿಹೋಗಿತ್ತು. ಷಡಕ್ಷರಿ ಮರದ ತುಂಡುಗಳನ್ನು ಅವುಚಿಕೊಂಡು ಮರಿಸ್ವಾಮಿಯ ಮೈಮೇಲೆ ಹಾದು ಡ್ರೈವರ್ ಬಾಗಿಲಿಂದ ಹಾರಿದ. ಒಂದು ತುಂಡನ್ನು ಮುಂದಿನ ಬಲಚಕ್ರದಡಿಗೆ ಒದ್ದು ಸೇರಿಸಿದ. ಓಡಿಹೋಗಿ ಎರಡನೆಯದನ್ನು ಹಿಂದಿನ ಚಕ್ರದಡಿಗೆ ಕೈಯಿಂದಲೇ ತುರುಕಿದ. ಅದೇ ಕ್ಷಣ ಚಕ್ರ ಉರುಳಿತು. ತುಂಡು ಹಿಡಿಯಿತು, ಅದರ ಜೊತೆ ಅವನ ಬಲಗೈಯ ಎರಡು ಬೆರಳೂ ಸಿಕ್ಕಿಕೊಂಡವು.

ಅವನು ಕೂಗಿಕೊಳ್ಳಲಿಲ್ಲ. ಕೂಗಿದರೆ ಹೆಂಗಸರು ಒಟ್ಟಿಗೆ ಎದ್ದು ನುಗ್ಗಬಹುದೆಂಬ ಭಯ. "ಒಬ್ಬೊಬ್ಬರಾಗಿ ಇಳಿಸಮ್ಮ," ಎಂದು ಮಾದೇವಮ್ಮನಿಗೆ ಹೇಳಿದ. ನಲವತ್ತೆರಡು ಜನ ಡ್ರೈವರ್ ಬಾಗಿಲಿಂದ ಇಳಿದು ಮುಗಿಯುವವರೆಗೆ ಆ ಚಕ್ರದ ಪಕ್ಕ ಮಂಡಿಯೂರಿ ಹಾಗೇ ಕೂತಿದ್ದ. ಆಮೇಲೆ ಮರಿಸ್ವಾಮಿ ಮತ್ತು ದಾರಿಹೋಕರು ದೊಡ್ಡ ಕಲ್ಲುಗಳನ್ನು ಚಕ್ರಗಳಿಗೆ ಕೊಟ್ಟು, ಅವನ ಕೈ ಬಿಡಿಸಿದರು.

ವೃಷಭೇಂದ್ರಪ್ಪ ಆಸ್ಪತ್ರೆಗೇ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. "ನಾಳೆ ಬ್ರೇಕ್ ಇನ್ಸ್‌ಪೆಕ್ಟರು ಬರ್ತಾರೆ. ಪೈಪಿಗೆ ಕಲ್ಲು ಬಡಿದು ಒಡೆದುಹೋಯ್ತು ಅಂತ ಹೇಳ್ಬುಡು. ನಿನಗೂ ಒಳ್ಳೇದು, ನನಗೂ ಒಳ್ಳೇದು."

ಷಡಕ್ಷರಿಗೆ ಭಯವಿರಲಿಲ್ಲ ಎನ್ನಲಾಗದು. ಜೈಲಾದರೆ ಏನು ಗತಿ ಎಂದು ಹೆಂಡತಿಯನ್ನು ಕೇಳಿದ. ಅವಳು, "ಜೈಲೋ ಸುಳ್ಳೋ, ನಿಮಗೆ ಯಾವುದನ್ನ ತಡ್ಕೊಳ್ಳೋಕೆ ಆಗುತ್ತೆ ನೋಡಿಕೊಳ್ಳಿ," ಎಂದಳು.

ಮರುದಿನ ಇನ್ಸ್‌ಪೆಕ್ಟರರು, ಕೈಗೆ ಕಟ್ಟು ಹಾಕಿಸಿಕೊಂಡೇ ಬಂದಿದ್ದ ಷಡಕ್ಷರಿಯ ಎದುರು ಡಬ್ಬಿ ಬಿಚ್ಚಿಸಿ, ಹರಿದ ಟ್ಯೂಬಿನ ತುಂಡನ್ನು ಎತ್ತಿ ಹಿಡಿದರು. "ಇದನ್ನು ಹಾಕಿದ್ದು ಯಾರು?"

"ನಾನೇ ಸಾರ್."

"ತಡೆಯೋದಿಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

ಹಾಕು ಎಂದವರು ಯಾರೆಂಬುದನ್ನೂ ಕೇಳಿದಾಗ ಹೇಳಿದ. ಬಸ್ಸಿನ ಪರ್ಮಿಟ್ಟು ಮೂರು ತಿಂಗಳು ನಿಂತಿತು. ಷಡಕ್ಷರಿಗೆ ಕೋರ್ಟಿನಲ್ಲಿ ದಂಡವಾಯಿತು. ಇಪ್ಪತ್ತೊಂದು ವರ್ಷದ ಕೆಲಸವೂ ಹೋಯಿತು.

ಕಟ್ಟು ಬಿಚ್ಚುವ ಮೊದಲು ಒಂದು ದಿನ ಮಾದೇವಮ್ಮ ಅವನ ಮನೆಗೆ ಬಂದಳು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. "ನಿಮ್ಮಿಂದ ನಮ್ಮ ಜೀವ ಉಳೀತು ಕಣಪ್ಪ," ಎಂದು ಕೈಮುಗಿದಳು. ಷಡಕ್ಷರಿ ಆಕೆಗೂ ನಿಜ ಹೇಳಿದ.

ಮಾದೇವಮ್ಮ ಅವನ ಮುಖವನ್ನೇ ನೋಡಿದಳು. "ಗೊತ್ತಿದ್ದೂ ನಮ್ಮನ್ನ ಹತ್ತಿಸ್ಕೊಂಡ್ರಾ? ನನ್ನ ಮಗಳೂ ಇದ್ಲು ಆ ಬಸ್ಸಲ್ಲಿ."

ಪ್ರೇಮಲೀಲಾ ತಂದಿಟ್ಟ ಕಾಫಿಯನ್ನು ಮುಟ್ಟದೆ ಆಕೆ ಎದ್ದುಹೋದಳು. ಕೋರ್ಟಿನ ದಂಡಕ್ಕಿಂತ ಅದು ಅವನನ್ನು ಹೆಚ್ಚು ಕಾಡಿತು.

ನಾಲ್ಕು ತಿಂಗಳು ಕೆಲಸವಿರಲಿಲ್ಲ. ಆಮೇಲೆ ಹೂಟಗಳ್ಳಿಯ ಹತ್ತಿರ ಕಲ್ಲು ಸಾಗಿಸುವ ಲಾರಿಗಳನ್ನಿಟ್ಟಿದ್ದ ನಂಜುಂಡಸ್ವಾಮಿ ಎಂಬವರು ಕರೆಸಿಕೊಂಡರು. ಕರೆಸುವಂತೆ ಮಾಡಿದ್ದು ಮರಿಸ್ವಾಮಿ. ಅವನು ಆಗಲೇ ಅಲ್ಲಿ ಡ್ರೈವರಾಗಿದ್ದ, ಷಡಕ್ಷರಿಯ ಮೇಲೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. "ನನಗೆ ಮುಚ್ಚಿಟ್ಟಿದ್ದು ತಪ್ಪು ಮೇಸ್ತ್ರೀ. ಅದನ್ನ ನಾನು ಮರೆಯಾಕಿಲ್ಲ," ಎಂದ. "ಆದ್ರೆ ನೀವು ನೋಡದೇ ಇರೋ ಬ್ರೇಕಿನ ಗಾಡೀನೂ ನಾನು ಇನ್ನ ಓಡ್ಸಾಕಿಲ್ಲ."

ಷಡಕ್ಷರಿಯ ಎರಡು ಬೆರಳು ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿತ. ಸೇರಿದ ಎರಡನೆಯ ವಾರವೇ ಒಂದು ಲಾರಿಯ ಗಾಳಿಯ ವಾಲ್ವು ಸೋರುವುದು ಕಂಡು ಅದನ್ನು ನಿಲ್ಲಿಸಿಬಿಟ್ಟ. ಇಲವಾಲದಲ್ಲಿ ರಸ್ತೆ ಕೆಲಸದವರು ಕಲ್ಲಿಗೆ ಕಾಯುತ್ತಿದ್ದರು.

"ಸ್ವಲ್ಪ ತಾನೇ ಸೋರೋದು? ಒಂದು ಟ್ರಿಪ್ಪು ಬುಟ್ಟು ನೋಡೋಣ್ವಾ?" ಎಂದರು ನಂಜುಂಡಸ್ವಾಮಿ.

"ಆಗೋದಿಲ್ಲ ಸ್ವಾಮಿ. ಬೇಕಾದ್ರೆ ನನ್ನ ಬುಡ್ಸಿ, ಲಾರಿ ಬುಡಬೇಡಿ."

ನಂಜುಂಡಸ್ವಾಮಿ ರೇಗಿದರು, ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರು, ಕೊನೆಗೆ ಇಲವಾಲಕ್ಕೆ ಆಳು ಕಳಿಸಿ ಕಲ್ಲು ತಡವಾಗುತ್ತದೆಂದು ಹೇಳಿಸಿದರು. ಮೂರನೆಯ ದಿನ ವಾಲ್ವು ರೈಲ್ವೆ ಪಾರ್ಸೆಲ್ಲಿನಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಷಡಕ್ಷರಿ ಅದನ್ನು ಕೂರಿಸಿ, ಗಾಳಿ ತುಂಬಿಸಿ, ಎಂಜಿನ್ನು ನಿಲ್ಲಿಸಿ, ಅರ್ಧ ಗಂಟೆ ಮುಳ್ಳನ್ನೇ ನೋಡುತ್ತಾ ಕೂತ. ಅದು ಕದಲಲಿಲ್ಲ. ಆಗ ಮರಿಸ್ವಾಮಿಗೆ ಬೀಗದ ಕೈ ಕೊಟ್ಟ.