ಇಲ್ಲದ ದ್ವೀಪದ ಅಳಿಯ

ಉತ್ತರದ ಹಿಮಸಾಗರಕ್ಕೆ ಅಷ್ಟು ಸಲ ಹೋಗಿಬಂದವನು ಅರ್ಧ ಜನ್ಮ ಸವೆಸಿದ್ದು ಒಂದು ದ್ವೀಪವನ್ನು ನಕ್ಷೆಯಿಂದ ಅಳಿಸುವುದಕ್ಕೆ. ಅದನ್ನು ಕಂಡುಹಿಡಿದವರು ಬೇರೆ ಯಾರೂ ಅಲ್ಲ, ಅವನಿಗೆ ಹೆಣ್ಣು ಕೊಟ್ಟ ಮಾವ.

ಮಾವ ತಮ್ಮ ಕಾಲದ ದೊಡ್ಡ ಅನ್ವೇಷಕರು. ಮಂಜು ಕವಿದ ಒಂದು ಮಧ್ಯಾಹ್ನ ದೂರದಲ್ಲಿ ಕಪ್ಪು ಗುಡ್ಡ ಕಂಡು, ಹತ್ತಿರ ಹೋಗಲಾಗದೆ, ಅಂದಾಜಿನ ಮೇಲೆ ನಕ್ಷೆಗೆ ಏರಿಸಿದ್ದರು. ದ್ವೀಪಕ್ಕೆ ಅವರದೇ ಹೆಸರು. ಅಳಿಯನೋ, ಕಡಲ ನಕ್ಷೆಗಳ ಕಚೇರಿಯಲ್ಲಿ ಆಳ ಅಳೆಯುವ ಕೆಲಸಕ್ಕೆ ಸೇರಿದವನು. ಮೊದಲ ಯಾನದಲ್ಲೇ ಆ ಜಾಗದಲ್ಲಿ ಸೀಸದ ಗುಂಡು ಕಟ್ಟಿದ ತಂತಿ ಇಳಿಬಿಟ್ಟ. ದ್ವೀಪವಿರಲಿ, ತಳವೇ ಸಿಗಲಿಲ್ಲ.

“ಅಲ್ಲಿ ದ್ವೀಪ ಇಲ್ಲ ಸಾರ್,” ಎಂದರೆ ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು. “ಅಷ್ಟು ದೊಡ್ಡೋರು ಸುಮ್ನೆ ಬರೀತಾರಾ? ಇನ್ನೊಂದ್ಸಲ ನೋಡ್ಕೊಂಡು ಬನ್ನಿ.”

ಇನ್ನೊಂದು ಸಲ, ಮತ್ತೊಂದು ಸಲ. ಹೋಗಿಬರುವ ದಾರಿಯಲ್ಲೇ ಸುತ್ತಲ ಕಡಲನ್ನೆಲ್ಲ ಅಳೆದು ಮುಗಿಸಿದ. ಕಾಲಿನ ಎರಡು ಬೆರಳು ಹಿಮಕ್ಕೆ ಹೋದವು. ಮನೆಗೆ ಬಂದರೆ ಹೆಂಡತಿಯ ವರಾತ: “ನಮ್ಮಪ್ಪನ್ನ ಕಂಡ್ರೆ ಯಾಕಿಷ್ಟು ಹೊಟ್ಟೆ ಉರಿ? ಒಂದು ಚುಕ್ಕಿ ಇದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಬಿರುಗಾಳಿ ಬಂದ್ರೆ ಹಡಗಿನೋರು ಆಸರೆಗೆ ಅಂತ ಅಲ್ಲಿಗೇ ಹೋಗ್ತಾರೆ ಕಣೇ!” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ.

ಕೊನೆಗೆ ರೋಸಿಹೋಗಿ ಮಾವನನ್ನೇ ಹಡಗು ಹತ್ತಿಸಿದ. ದಾರಿಯುದ್ದಕ್ಕೂ ಅವರದು ಒಂದೇ ಗೊಣಗಾಟ: ಕಂಬಳಿ ತೆಳು, ಚಹಾ ತಣ್ಣಗೆ, ಈಗಿನವರಿಗೆ ಚುಕ್ಕಾಣಿ ಹಿಡಿಯಲೂ ಬಾರದು. ಅಳಿಯ ಹಲ್ಲು ಕಚ್ಚಿ ಕೇಳಿಸಿಕೊಂಡ. ಆ ಜಾಗ ಮುಟ್ಟಿದಾಗ ಒಳ್ಳೇ ಬಿಸಿಲು, ಸುತ್ತ ಬರೀ ನೀರು.

“ದಾರಿ ತಪ್ಪಿಸಿದ್ದೀರಿ ಅಳಿಯಂದ್ರೇ.”

“ಹಾಗಾದ್ರೆ ನೀವೇ ಲೆಕ್ಕ ಹಾಕಿ ಮಾವ.”

ಮುದುಕರು ಸೂರ್ಯನ ಎತ್ತರ ಅಳೆದು ಲೆಕ್ಕ ಹಾಕಿದರು. ನಂಬದೆ ಮತ್ತೆ ಹಾಕಿದರು. ಬಳಿಕ ತಾವೇ ಮುಂದೆ ನಿಂತು ತಂತಿ ಇಳಿಬಿಡಿಸತೊಡಗಿದರು. “ಇನ್ನೂ ಬಿಡಿ, ಇನ್ನೂ ಬಿಡಿ,” ಎನ್ನುತ್ತಿರುವಾಗಲೇ ತಂತಿ ಮುಗಿದುಹೋಯಿತು. ದೂರದಲ್ಲಿ ಮಣ್ಣು ಮೆತ್ತಿಕೊಂಡ ಹಿಮಗುಡ್ಡವೊಂದು ಕಪ್ಪಗೆ ತೇಲುತ್ತಿತ್ತು. ಅದು ಮರೆಯಾಗುವವರೆಗೂ ನೋಡಿದರು.

“ಅಳಿಸಿಬಿಡಿ,” ಎಂದರು.

ಬೈಯಲೆಂದು ವರ್ಷಗಟ್ಟಲೆ ಮಾತು ಕೂಡಿಟ್ಟಿದ್ದ ಅಳಿಯ ತಾನೇ ಹೋಗಿ ಚಹಾ ತಂದುಕೊಟ್ಟ.

ಕಚೇರಿಯವರು ದ್ವೀಪವನ್ನೇನೋ ಅಳಿಸಿದರು. ಆದರೆ ಅಲ್ಲಿನ ತಳ ಸಿಗದ ಕಡಲಾಳಕ್ಕೂ ಮಾವನ ಹೆಸರನ್ನೇ ಇಟ್ಟರು!

“ಬೆರಳು ಕಳ್ಕೊಂಡವನು ನಾನು!” ಎಂದು ಕೂಗಾಡಿದ.

“ಇನ್ನು ಅದನ್ನೂ ಅಳಿಸೋಕೆ ಹೊರಡ್ತೀರಾ?” ಎಂದು ಹೆಂಡತಿ ನಕ್ಕಳು.

ಮುಂದಿನ ಬೇಸಿಗೆಯಲ್ಲಿ ಆ ಆಳ ಅಳೆಯಲು ಹೊರಟ, ಗೊಣಗುತ್ತಲೇ, ಇನ್ನೂ ಉದ್ದದ ತಂತಿ ಹೊರಿಸಿಕೊಂಡು. ಆ ಸಲ ಗುಂಡು ತಳ ಮುಟ್ಟಿತು.