ಒದ್ದೆ ಸೊಪ್ಪು

ನಮ್ಮ ರೇಷ್ಮೆ ಹುಳು ಸತ್ತದ್ದು ನಿಮ್ಮ ಕಣ್ಣು ತಾಗಿ ಅಲ್ಲ, ಪಾಲಪ್ಪನವರೇ. ನಾನು ಹಾಕಿದ ಒದ್ದೆ ಸೊಪ್ಪಿನಿಂದ ಸತ್ತವು. ಇಷ್ಟು ಹೇಳಲು ನನ್ನ ತಲೆ ನರೆಯಬೇಕಾಯಿತು —

ಪಾವ್ಲೊ ಎಂಬ ನಿಮ್ಮ ಹೆಸರು ಹನೂರಿನ ಬಾಯಿಗೆ ಬಿದ್ದು ಪಾಲಪ್ಪ ಆಗಿತ್ತು. ಇಟಲಿಯ ಎಂಜಿನಿಯರು ನೀವು. ಸಿಪಾಯಿಯಾಗಿ ಯುದ್ಧಕ್ಕೆ ಹೋಗಿ, ಇಂಗ್ಲಿಷರಿಗೆ ಸೆರೆ ಸಿಕ್ಕಿ ಬೆಂಗಳೂರಿಗೆ ಬಂದವರು. ಯುದ್ಧ ಮುಗಿದಾಗ ನಿಮ್ಮೂರಲ್ಲಿ ನಿಮ್ಮವರು ಯಾರೂ ಉಳಿದಿಲ್ಲವೆಂದು ತಿಳಿದು ಈ ದೇಶದಲ್ಲೇ ನಿಂತಿರಿ. ನಮ್ಮ ಹಳ್ಳಕ್ಕೆ ಸೇತುವೆ ಕಟ್ಟಿಸಲು ಬಂದಾಗ ನಾನು ಈ ಮನೆಗೆ ಹೊಸ ಸೊಸೆ. ಊರಲ್ಲಿ ನಿಮ್ಮನ್ನು ಕೂರಿಸಿಕೊಳ್ಳುತ್ತಿದ್ದದ್ದು ನಮ್ಮ ಜಗಲಿಯೊಂದೇ. ಒಂದು ಸಂಜೆ ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, "ನಮ್ಮವ್ವ ಕೂಡ ರೇಷ್ಮೆ ಹುಳ ಸಾಕ್ತಿದ್ರು" ಎಂದಿರಿ. ಎಲ್ಲಿಯ ಇಟಲಿ, ಎಲ್ಲಿಯ ರೇಷ್ಮೆ ಎಂದು ನಾನು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದೆ.

ಆ ಸಲ ಬೆಳೆ ಚೆನ್ನಾಗಿತ್ತು. ಹುಳುಗಳು ಕೊನೆಯ ಪೊರೆ ಬಿಟ್ಟು ಬಕಾಸುರನ ಹಾಗೆ ಮೇಯುತ್ತಿದ್ದವು. ಹೊರಗೆ ಬಿಡದ ಜಡಿಮಳೆ. ಕೊಯ್ದ ಹಿಪ್ಪುನೇರಳೆ ಸೊಪ್ಪನ್ನು ಹರವಿ, ನೀರು ಆರಿಸದೆ ಹಾಕಬೇಡ ಎಂದು ಎಚ್ಚರಿಸಿಯೇ ಅತ್ತೆ ಕೊಳ್ಳೇಗಾಲಕ್ಕೆ ಹೋಗಿದ್ದರು. ಹುಳು ಹಸಿದಿವೆ, ಪಾಪ, ಅಂದುಕೊಂಡೆ — ಇಲ್ಲ, ಅದು ನೆಪ. ನನಗೆ ಸೋಮಾರಿತನ. ತೊಟ್ಟಿಕ್ಕುವ ಸೊಪ್ಪನ್ನೇ ಹುಳು ಸಾಕುವ ಬಿದಿರಿನ ತಟ್ಟೆಗಳಿಗೆ ಹಾಕಿದೆ.

ಆಗಲೇ ನೀವು ಬಂದಿರಿ. ಹುಳು ಮೇಯುವ ಸದ್ದನ್ನು ಒಂದು ಸಲ ಕೇಳಬೇಕು ಎಂದಿರಿ. ಹುಳುಮನೆಗೆ ಹೊರಗಿನವರನ್ನು ಬಿಡುವಂತಿಲ್ಲ, ದೃಷ್ಟಿಯಾಗುತ್ತದೆ. ಆದರೂ ಕರೆದೆ. ಬೂಟು ಬಿಚ್ಚಿ ಒಳಗೆ ಬಂದು ಕಣ್ಣು ಮುಚ್ಚಿ ನಿಂತಿರಿ. ಅಷ್ಟೆತ್ತರದ ಗಂಡಸು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ತಟ್ಟೆಯಿಂದ ಒಂದು ಎಲೆ ಎತ್ತಿದಿರಿ. ನಿಮ್ಮ ಬೆರಳಿನಿಂದ ನೀರು ಇಳಿಯಿತು.

"ಒಣಗಿಸಬೇಕು, ತಾಯಿ" ಎಂದಿರಿ, ಮೆಲ್ಲಗೆ.

"ಆಯ್ತು ಸಾ" ಎಂದೆ. ಒಣಗಿಸಲಿಲ್ಲ.

ಮೂರನೇ ದಿನ ಅತ್ತೆ ಬರುವಷ್ಟರಲ್ಲಿ ಹುಳುಗಳು ಸತ್ತು ಜೋತುಬಿದ್ದು ತಟ್ಟೆಗಳು ನಾರುತ್ತಿದ್ದವು. ಅವರು ಎದೆ ಬಡಿದುಕೊಂಡು ಕೇಳಿದರು, "ಒಳೀಕೆ ಯಾರ್ನ ಬುಟ್ಟಿದ್ದಮ್ಮಿ?"

ನಿಜ ಹೇಳಿದರೆ ತವರಿಗೆ ಅಟ್ಟುತ್ತಾರೆ ಎಂಬ ಭಯ.

"ಆ ಪಾಲಪ್ಪ ಬಂದು ನೋಡ್ದ ಕಣತ್ತೆ" ಎಂದೆ.

ಸುಳ್ಳಲ್ಲ ನೋಡಿ — ಅದೇ ನನ್ನ ಜಾಣತನ.

ಆ ಸಂಜೆ ನೀವು ಬಂದಾಗ ಅತ್ತೆ ಜಗಲಿಗೆ ಅಡ್ಡ ನಿಂತರು. "ಇನ್ ಈ ಜಗ್ಲಿ ತುಳೀಬ್ಯಾಡಿ ಸಾ. ಯುದ್ದದಲ್ಲಿ ಎಷ್ಟ್ ಎಣ ಕಂಡಿದ್ದವೋ ಆ ಕಣ್ಣು!"

ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೀವು ನೋಡಿದಿರಿ. ಸೊಪ್ಪು ಒದ್ದೆಯಿತ್ತು ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಕೈಮುಗಿದು, "ತಪ್ಪಾಯ್ತು ಅವ್ವ" ಎಂದು ತಿರುಗಿ ನಡೆದಿರಿ.

ಆಮೇಲೆ ಊರೇ ನಿಮ್ಮನ್ನು ಕಂಡರೆ ಪಕ್ಕಕ್ಕೆ ಸರಿಯತೊಡಗಿತು. ನಾನು ಹಳ್ಳಕ್ಕೆ ನೀರಿಗೆ ಹೋದಾಗಲೆಲ್ಲ ಕಾಣುತ್ತಿದ್ದಿರಿ — ಅರ್ಧ ಕಟ್ಟಿದ ಸೇತುವೆಯ ಮೇಲೆ ಒಬ್ಬರೇ ಕೂತಿರುತ್ತಿದ್ದಿರಿ. ನಾನು ಒಂದು ಸಲ ಹತ್ತಿರ ಬಂದು ಮಾತಾಡಿಸಬಹುದಿತ್ತು. ಕೆಲಸ ಮುಗಿಯಿತು, ಹೋದಿರಿ. ಎಲ್ಲಿಗೆಂದು ಯಾರೂ ಕೇಳಲಿಲ್ಲ, ನಾನೂ.

ಅತ್ತೆ ತೀರಿಕೊಂಡರು, ಅವರಿಗೆ ಹೇಳಲಿಲ್ಲ. ನೆನ್ನೆ ನನ್ನ ಸೊಸೆಗೆ ಹೇಳಿದೆ, ಅದೇ ಜಗಲಿಯಲ್ಲಿ ಕೂತು. ಇನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ನೀವು ಬಾಯಿ ಮುಚ್ಚಿಕೊಂಡು ನನಗೆ ಈ ಮನೆ ಉಳಿಸಿಕೊಟ್ಟಿರಿ. ಈ ಲೋಕದಲ್ಲಿ ನಿಮಗೆ ಇದ್ದದ್ದು ಒಂದು ಜಗಲಿ. ಅದನ್ನು ಕಿತ್ತುಕೊಂಡವಳು ನಾನು.